ಪ್ರಯೋಗಾಲಯ ಸಿಗದ ಪಿಯರ್ ಕ್ಯೂರಿ

ಕ್ಯೂರಿ ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಬರುವುದು ಮೇಡಂ ಕ್ಯೂರಿ ಮತ್ತು ರೇಡಿಯಂ. ಅವರ ಗಂಡ ಪಿಯರ್ ಕ್ಯೂರಿ ಅವರಿಗೆ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿಗುವುದು ಅರ್ಧ ಸಾಲು. ರೇಡಿಯಂಗಿಂತ ಮೊದಲು ಪಿಯರ್ ಮಾಡಿದ ಕೆಲಸವೇ ನನಗೆ ಹೆಚ್ಚು ಇಷ್ಟ. ಅಂಬಿಕಾನಗರದಲ್ಲಿ ಇದ್ದುಕೊಂಡು ಭೌತಶಾಸ್ತ್ರ ಪಾಠ ಮಾಡುವವನಿಗೆ ಅದು ಇಷ್ಟವಾಗದೆ ಇರುವುದು ಕಷ್ಟ.

ಬೊಮ್ಮನಹಳ್ಳಿ ಜಲಾಶಯದಿಂದ ಇಳಿದು ಬರುವ ಕಾಳಿ ನದಿಯ ನೀರು ನಾಗಝರಿಯಲ್ಲಿ ಟರ್ಬೈನ್ ತಿರುಗಿಸುವುದು ನಿಮಗೆಲ್ಲ ಗೊತ್ತು. ಅದರೊಂದಿಗೆ ಜನರೇಟರಿನೊಳಗೆ ತಿರುಗುವುದು ಒಂದು ದೊಡ್ಡ ವಿದ್ಯುತ್ಕಾಂತ. ಅದು ಕಾಂತವಾಗಿ ಉಳಿಯಬೇಕಾದರೆ ಸುರುಳಿಯಲ್ಲಿ ಕರೆಂಟು ಹರಿಯುತ್ತಲೇ ಇರಬೇಕು. ಕರೆಂಟು ಹರಿದಷ್ಟು ಹೊತ್ತೂ ಸುರುಳಿ ಬಿಸಿಯಾಗುತ್ತದೆ, ಶಕ್ತಿ ಪೋಲಾಗುತ್ತದೆ. ಹಾಗಾದರೆ ಕರೆಂಟು ಹರಿಸದೆ, ಬರೀ ವೋಲ್ಟೇಜ್ ಕೊಟ್ಟು ವಸ್ತುವೊಂದರ ಕಾಂತತ್ವವನ್ನು ಬದಲಿಸಲು ಬರುತ್ತದೆಯೇ? ಇಂಥದ್ದೊಂದು ಸಾಧ್ಯತೆಯನ್ನು 1894ರಷ್ಟು ಹಿಂದೆಯೇ ಬರೆದಿಟ್ಟವರು ಪಿಯರ್.

ಅವರು ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್ಸಿನಲ್ಲಿ. ತಂದೆ ವೈದ್ಯರು. ಹುಡುಗನ ಮನಸ್ಸು ಒಂದು ವಿಷಯಕ್ಕೆ ಅಂಟಿಕೊಂಡರೆ ಇನ್ನೊಂದಕ್ಕೆ ಬೇಗ ಹೊರಳುತ್ತಿರಲಿಲ್ಲ. ಗಂಟೆಗೊಂದು ವಿಷಯ ಬದಲಾಗುವ ಶಾಲೆ ಇವನಿಗೆ ಒಗ್ಗದು ಎಂದು ತಂದೆ ಮನೆಯಲ್ಲೇ ಕಲಿಸಿದರು. 18ನೇ ವಯಸ್ಸಿಗೆ ಪಿಯರ್ ಪದವಿ ಮುಗಿಸಿದರು. ಮುಂದೆ ಓದಲು ಹಣದ ಅನುಕೂಲವಿರಲಿಲ್ಲ. ಪ್ರಯೋಗಾಲಯ ಸಹಾಯಕನ ಕೆಲಸಕ್ಕೆ ಸೇರಿದರು.

1880ರಲ್ಲಿ ಅಣ್ಣ ಜಾಕ್ ಜೊತೆ ಸೇರಿ ಅವರು ಒಂದು ವಿಚಿತ್ರವನ್ನು ಕಂಡರು. ಕ್ವಾರ್ಟ್ಸ್ ಹರಳನ್ನು ಸರಿಯಾದ ದಿಕ್ಕಿನಲ್ಲಿ ಒತ್ತಿದರೆ ಅದರ ಮುಖಗಳ ಮೇಲೆ ವಿದ್ಯುದಾವೇಶ ಮೂಡುತ್ತದೆ. ಮರುವರ್ಷ ತಿರುಗುಮುರುಗನ್ನೂ ತೋರಿಸಿದರು: ವೋಲ್ಟೇಜ್ ಕೊಟ್ಟರೆ ಹರಳು ಚೂರೇ ಚೂರು ಹಿಗ್ಗುತ್ತದೆ, ಕುಗ್ಗುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ಕೆಂದು ಕಿಡಿ ಹಾರಿಸುವುದು ಇದೇ ಗುಣದಿಂದ. ಕ್ವಾರ್ಟ್ಸ್ ಎಂದರೆ ಸಿಲಿಕಾನಿನ ಆಕ್ಸೈಡ್, ಮರಳಿನಲ್ಲಿ ಇರುವಂಥದ್ದೇ.

ಆಮೇಲೆ ಪ್ಯಾರಿಸ್ ನಗರಸಭೆಯ ಕೈಗಾರಿಕಾ ಭೌತ-ರಸಾಯನ ಶಾಲೆಯಲ್ಲಿ ಕೆಲಸ. ಸಂಬಳ ಸಣ್ಣದು, ಪಾಠ ಜಾಸ್ತಿ. ತಮ್ಮದೇ ಸಂಶೋಧನೆಗೆ ಕೋಣೆ ಇರಲಿಲ್ಲ. ಮೆಟ್ಟಿಲಿಗೂ ಒಂದು ಕೊಠಡಿಗೂ ನಡುವಿನ ಓಣಿಯಲ್ಲೇ ಉಪಕರಣ ಜೋಡಿಸಿಕೊಂಡರು. ಆ ಓಣಿಯಲ್ಲಿ ನಿಂತು ಹಲವು ವಸ್ತುಗಳನ್ನು ಕಾಯಿಸಿ ಕಾಯಿಸಿ ಅವುಗಳ ಕಾಂತತ್ವವನ್ನು ಅಳೆದರು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲವಾದ ಕಾಂತತ್ವವನ್ನು ಕಳೆದುಕೊಳ್ಳುತ್ತದೆ. ಇಂಥ ಮಿತಿಯನ್ನು ಈಗ ಕ್ಯೂರಿ ತಾಪ ಎನ್ನುತ್ತಾರೆ. ಪ್ರತಿ ವರ್ಷ ತರಗತಿಯಲ್ಲಿ ಒಬ್ಬರಾದರೂ ಅದನ್ನು ಮೇಡಂ ಹೆಸರಿಗೆ ಬರೆಯುತ್ತಾರೆ!

ಒಂದು ಕಡೆ ವಿದ್ಯುತ್ತು ಹುಟ್ಟಿಸುವ ಹರಳು, ಇನ್ನೊಂದು ಕಡೆ ಕಾಂತತ್ವ. ಎರಡನ್ನೂ ಸ್ವಂತ ಕೈಯಿಂದ ಅಳೆದವರಿಗೆ ಅವುಗಳ ನಂಟಿನ ಬಗ್ಗೆ ಯೋಚನೆ ಬರುವುದು ಸಹಜ. 1894ರ ಲೇಖನದಲ್ಲಿ ಪಿಯರ್ ವಿದ್ಯುತ್ ಕ್ಷೇತ್ರದ ಸಮಮಿತಿಯನ್ನೂ ಕಾಂತಕ್ಷೇತ್ರದ ಸಮಮಿತಿಯನ್ನೂ ಹೋಲಿಸಿ ನೋಡಿದರು. ಮೊದಲನೆಯದು ಬಾಣದಂತೆ, ಎರಡನೆಯದು ತಿರುಗುವ ಚಕ್ರದಂತೆ. ಬಾಣವೊಂದೇ ಚಕ್ರವನ್ನು ಹುಟ್ಟಿಸಲಾರದು. ಆದರೆ ನಡುವೆ ಇರುವ ವಸ್ತುವಿನ ರಚನೆಯಲ್ಲೇ ಸಮಮಿತಿಯ ಕೊರತೆ ಇದ್ದರೆ, ವಿದ್ಯುತ್ ಕ್ಷೇತ್ರದಿಂದ ಅದು ಕಾಂತವಾಗುವುದಕ್ಕೆ ಅಡ್ಡಿಯಿಲ್ಲ ಎಂಬುದು ಅವರ ತರ್ಕ.

ಅದಕ್ಕೆ ಉತ್ತರ ಸಿಗಲು 60 ವರ್ಷಕ್ಕೂ ಹೆಚ್ಚು ಬೇಕಾಯಿತು. ವಸ್ತುವಿನೊಳಗೆ ಕಾಂತಕಣಗಳು ಮೊದಲೇ ಒಂದು ಕ್ರಮದಲ್ಲಿ ಜೋಡಣೆಯಾಗಿರಬೇಕು ಎಂಬುದು ಪಿಯರ್ ಕಾಲದಲ್ಲಿ ತಿಳಿದಿರಲಿಲ್ಲ. 1959ರಲ್ಲಿ ರಷ್ಯಾದ ಜಿಯಾಲೋಶಿನ್ಸ್ಕಿ ಕ್ರೋಮಿಯಂ ಆಕ್ಸೈಡಿನತ್ತ ಬೆರಳು ತೋರಿಸಿದರು. ಮರುವರ್ಷ ಆಸ್ಟ್ರೋವ್ ಅಳೆದು ತೋರಿಸಿದರು. ಪರಿಣಾಮ ಇತ್ತು, ಆದರೆ ತೀರಾ ದುರ್ಬಲ.

ಇಲ್ಲಿಂದ ಮುಂದೆ ಕೈಹಿಡಿದದ್ದು ತೆಳುಪದರಗಳು. ಒಂದು ಲೆಕ್ಕ ಮಾಡಿ ನೋಡಿ. ವಿದ್ಯುತ್ ಕ್ಷೇತ್ರ ಎಂದರೆ ವೋಲ್ಟೇಜನ್ನು ದಪ್ಪದಿಂದ ಭಾಗಿಸಿದ್ದು. 1 ಮಿಲಿಮೀಟರ್ ದಪ್ಪದ ಹರಳಿಗೆ 5 ವೋಲ್ಟ್ ಕೊಟ್ಟರೆ ಕ್ಷೇತ್ರ ಮೀಟರಿಗೆ 5,000 ವೋಲ್ಟ್. ಅದೇ 5 ವೋಲ್ಟನ್ನು 100 ನ್ಯಾನೋಮೀಟರ್ ಪದರಕ್ಕೆ ಕೊಟ್ಟರೆ ಮೀಟರಿಗೆ 5 ಕೋಟಿ ವೋಲ್ಟ್! ಪದರ ಅವಾಹಕವಾಗಿರುವುದರಿಂದ ಕರೆಂಟು ಹರಿಯುವುದು ನೆಪಮಾತ್ರಕ್ಕೆ. ಇಷ್ಟು ಬಲವಾದ ಕ್ಷೇತ್ರದಲ್ಲಿ ಆಕ್ಸೈಡಿನ ಅಯಾನುಗಳು ಜರುಗುತ್ತವೆ. ಅದರಿಂದ ಎಲೆಕ್ಟ್ರಾನುಗಳ ವಾಹಕತೆಯೂ ಬದಲಾಗಬಹುದು, ಕಾಂತತ್ವದ ದಿಕ್ಕೂ ಬದಲಾಗಬಹುದು. 2003ರಲ್ಲಿ ಅಮೆರಿಕದಲ್ಲಿ ಆರ್. ರಮೇಶ್ ಮತ್ತು ಸಂಗಡಿಗರು ಬಿಸ್ಮತ್-ಕಬ್ಬಿಣದ ಆಕ್ಸೈಡಿನ ತೆಳುಪದರ ಬೆಳೆಸಿ ದಾರಿ ತೆರೆದರು. 2014ರಲ್ಲಿ ಅದರ ಮೇಲಿನ ಕಾಂತಪದರದ ದಿಕ್ಕನ್ನು ಕೋಣೆಯ ತಾಪದಲ್ಲೇ, ಬರೀ ವೋಲ್ಟೇಜಿನಿಂದ ಹಿಂದುಮುಂದಾಗಿಸಿದರು. ಈ ರಮೇಶ್ ಲೋಹಶಾಸ್ತ್ರ ಓದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬಿಸಿಯಾಗದ, ಕಡಿಮೆ ವಿದ್ಯುತ್ತು ತಿನ್ನುವ ಕಂಪ್ಯೂಟರ್ ಮೆಮೊರಿ ಇದರ ಗುರಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇಂಥ ಆಕ್ಸೈಡುಗಳ ಮೇಲೆ ಕೆಲಸ ನಡೆದಿದೆ.

ಮತ್ತೆ ಪಿಯರ್ ವಿಷಯಕ್ಕೆ ಬರುತ್ತೇನೆ. ಕಾಂತತ್ವದ ಆ ಅಳತೆಗಳನ್ನೇ ಬರೆದು 1895ರಲ್ಲಿ ಡಾಕ್ಟರೇಟ್ ಪಡೆದರು. ಅದೇ ಜುಲೈಯಲ್ಲಿ ಮಾರಿ ಅವರೊಂದಿಗೆ ಮದುವೆ. ಹೆಂಡತಿಯ ಸಂಶೋಧನೆ ದೊಡ್ಡದೆಂದು ಕಂಡಾಗ ತಮ್ಮ ಹರಳುಗಳ ಕೆಲಸ ಬದಿಗಿಟ್ಟು ಜೊತೆಗೂಡಿದರು. ನನ್ನ ಕಣ್ಣಿಗೆ ಇದು ಸಣ್ಣ ತ್ಯಾಗವಲ್ಲ. ಯುರೇನಿಯಂ ಕಿರಣಗಳ ಅತಿ ಸಣ್ಣ ವಿದ್ಯುತ್ತನ್ನು ಮಾರಿ ಅಳೆದದ್ದು ಅಣ್ಣತಮ್ಮಂದಿರ ಕ್ವಾರ್ಟ್ಸ್ ಉಪಕರಣದಿಂದಲೇ. 1903ರಲ್ಲಿ ನೊಬೆಲ್ ಬಂತು. ಸರ್ಕಾರ ಕೊಡಲು ಬಂದ ಗೌರವ ಪದಕವನ್ನು ಪಿಯರ್ ಒಲ್ಲೆ ಎಂದರು, ತಮಗೆ ಬೇಕಾದದ್ದು ಪ್ರಯೋಗಾಲಯ ಎಂದು ತಿಳಿಸಿದರು.

1906ರ ಏಪ್ರಿಲ್ 19ರಂದು ಮಳೆಯಲ್ಲಿ ರಸ್ತೆ ದಾಟುವಾಗ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ 46 ವರ್ಷ. ಅವರ ಪ್ರಾಧ್ಯಾಪಕ ಹುದ್ದೆಯಲ್ಲಿ ಮಾರಿ ಪಾಠ ಮುಂದುವರಿಸಿದರು. ರೇಡಿಯಂ ಸಂಸ್ಥೆಯ ಹೊಸ ಪ್ರಯೋಗಾಲಯ ಸಿದ್ಧವಾದದ್ದು 1914ರಲ್ಲಿ, ಪ್ಯಾರಿಸ್ಸಿನ ಪಿಯರ್ ಕ್ಯೂರಿ ಬೀದಿಯಲ್ಲಿ.