ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಈ ತಿಂಗಳ ಗೋಡೆ ಪತ್ರಿಕೆಗೆ ಒಬ್ಬ ಮಹಾನ್ ವ್ಯಕ್ತಿಯ ಜೀವನ ಚರಿತ್ರೆ ಬರೆಯಬೇಕೆಂದು ಕನ್ನಡ ಗುರುಗಳು ಹೇಳಿದರು. ಕೆಲವರು ಗಾಂಧೀಜಿ, ಕೆಲವರು ಕಿತ್ತೂರು ಚೆನ್ನಮ್ಮ ಎಂದು ಹೆಸರು ಬರೆಸಿದರು. ಮೈಲಾರ ಮಹಾದೇವಪ್ಪನವರು ನಮ್ಮ ಬ್ಯಾಡಗಿ ತಾಲ್ಲೂಕಿನವರು ಅಂತ ಮೂರು ಮಂದಿ ಅವರನ್ನೇ ಹಿಡಿದರು. ನಾನು ಪಂಚಾಕ್ಷರಿ ಗವಾಯಿಗಳ ಹೆಸರು ಹೇಳಿದೆ. ಯಾಕಂದ್ರ ನನ್ನ ಬಾಜೂಕ ಕೂಡುವ ಗೆಳೆಯನಿಗೆ ಕಣ್ಣು ಕಾಣಿಸೂದಿಲ್ಲ. ಅವನು ಯಾರೆಂದು ನಿಮಗೆಲ್ಲಾ ಗೊತ್ತೇ ಇದೆ. ತನ್ನ ಹೆಸರು ಗೋಡೆ ಮ್ಯಾಲೆ ಬರೀಬ್ಯಾಡ ಅಂದಾನ, ಅದಕ್ಕೇ ಬರೆದಿಲ್ಲ.

ಪಂಚಾಕ್ಷರಿ ಗವಾಯಿಗಳು 1892ರ ಫೆಬ್ರುವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ಆಗಿದ್ದು 1997ರಲ್ಲಿ. ಆಗ ಇದೆಲ್ಲಾ ಧಾರವಾಡ ಜಿಲ್ಲೆ, ಬ್ರಿಟಿಷರ ಮುಂಬಯಿ ಪ್ರಾಂತ್ಯ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ತಂದೆತಾಯಿ ಇಟ್ಟ ಹೆಸರು ಗದಿಗೆಯ್ಯ. ಅವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳು ಅಂದ್ರ ಆ ತಾಯಿಗೆ ಹೆಂಗ ಆಗಿರಬೇಕು ಅಂತ ನಾನು ಬಹಳ ಸಲ ವಿಚಾರ ಮಾಡೇನಿ. ಈಗಿನಂಗ ಆಗ ಸರಕಾರದ ಪಿಂಚಣಿ ಇರಲಿಲ್ಲ, ಹಳ್ಳಿಗೆ ಹುಡುಕಿಕೊಂಡು ಬರುವ ಮಾಸ್ತರೂ ಇರಲಿಲ್ಲ.

ಆದರೆ ಅಣ್ಣತಮ್ಮ ಇಬ್ಬರಿಗೂ ದನಿ ಚಲೋ ಇತ್ತು. ಆ ದನಿ ಹಾನಗಲ್ಲಿನ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಬಾದಾಮಿ ಹತ್ತಿರ ಮಲಪ್ರಭಾ ನದಿ ದಂಡೆಯ ಮೇಲೆ 1909ರಲ್ಲಿ ಶಿವಯೋಗ ಮಂದಿರ ಕಟ್ಟಿದವರು ಇವರೇ. ಸ್ವಾಮಿಗಳು ಹುಡುಗರನ್ನು ನೋಡಿ ಅಯ್ಯೋ ಪಾಪ ಅಂತ ಆಶೀರ್ವಾದ ಮಾಡಿ ಹೋಗಿಬಿಡಬಹುದಾಗಿತ್ತು. ಹಂಗ ಮಾಡಲಿಲ್ಲ. ಜವಾಬ್ದಾರಿ ತಗೊಂಡು ಸಂಗೀತ ಕಲಿಸಿದರು. ಗದಿಗೆಯ್ಯನನ್ನು ದೂರದ ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ಜನ ಕೇಳೋದು ಹಿಂದೂಸ್ತಾನಿ. ಅದನ್ನೂ ಮಿರಜಿನ ನೀಲಕಂಠಬುವಾ, ಉಸ್ತಾದ್ ಅಬ್ದುಲ್ ವಹೀದ್ ಖಾನ್ ಇಂಥ ದೊಡ್ಡ ಗುರುಗಳ ಹತ್ತಿರ ಕಲಿಸಿದರು. ಎರಡೂ ಪದ್ಧತಿ ಹಾಡಬಲ್ಲವರು ಆಗ ಬಹಳ ಕಡಿಮೆ. ಗದಿಗೆಯ್ಯ ಪಂಚಾಕ್ಷರಿ ಗವಾಯಿ ಆದರು.

ಇಲ್ಲಿ ಒಂದು ಮಾತು ಬರೆಯಬೇಕು. ಕಣ್ಣಿಲ್ಲದವರು ಹೆಂಗ ಕಲೀತಾರ ಅಂತ ನನಗೆ ಮೊದಲು ತಿಳೀತಿರಲಿಲ್ಲ. ನಮ್ಮೂರ ಭಜನಾ ಮಂಡಳಿಯವರು ಶ್ರಾವಣದಾಗ ಒಂದಿನ ನನ್ನ ಗೆಳೆಯನ ಕೈ ಹಿಡಿದು ಬಾಜಾ ಪೆಟ್ಟಿಗೆಯ ಮನಿಗಳ ಮ್ಯಾಲೆ ಇಟ್ಟರು. ಕರಿ ಮನಿಗಳು ಎತ್ತರಕ್ಕಿರತಾವ. ಎರಡು ಒಂದು ಗುಂಪು, ಮೂರು ಒಂದು ಗುಂಪು. ಬೆರಳಿಂದ ಸವರಿದರೆ ಯಾವ ಸ್ವರ ಎಲ್ಲಿ ಅಂತ ಗೊತ್ತಾಗತೈತಿ. ಅವನು ಎರಡು ನಿಮಿಷದಾಗ ಗುರುತು ಹಿಡಿದ. ನಾನು ಕಣ್ಣಿಟ್ಟು ನೋಡಿದರೂ ತಪ್ಪು ಒತ್ತಿದೆ. ಗವಾಯಿಗಳ ಕಾಲಕ್ಕೆ ನಮ್ಮ ಕಡೆ ಹುಡುಗರಿಗೆ ಓದಲು ಬ್ರೈಲ್ ಪುಸ್ತಕ ಸಿಗುತ್ತಿರಲಿಲ್ಲ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಹುಡುಗ 1824ರಲ್ಲೇ, 15 ವರ್ಷದವನಿದ್ದಾಗ, ಆರು ಚುಕ್ಕಿಯ ಲಿಪಿ ಮಾಡಿದ್ದ. ಆದರೆ ಭಾರತದ ಭಾಷೆಗಳಿಗೆಲ್ಲಾ ಒಂದೇ ಆದ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಅದಕ್ಕೆ ಗುರು ಹಾಡಬೇಕು, ಶಿಷ್ಯ ಕೇಳಿ ಬಾಯಿಪಾಠ ಮಾಡಬೇಕು. ನೂರಾರು ಚೀಜುಗಳು ತಲೆಯಲ್ಲೇ ಇರಬೇಕು.

ಗವಾಯಿಗಳು ಬೇಕಾದರೆ ದೊಡ್ಡ ಊರಿನಲ್ಲಿ ಕಛೇರಿ ಮಾಡಿಕೊಂಡು ಸುಖವಾಗಿ ಇರಬಹುದಾಗಿತ್ತು. ಅವರು ತಮ್ಮಂಥ ಕುರುಡ ಹುಡುಗರನ್ನು, ತಂದೆತಾಯಿ ಇಲ್ಲದವರನ್ನು ಕೂಡಿಸಿಕೊಂಡು ಸಂಗೀತ ಶಾಲೆ ಮಾಡಿದರು. ಆ ಶಾಲೆಗೆ ಗೋಡೆ ಇರಲಿಲ್ಲ. ಅದು ತಿರುಗುವ ಶಾಲೆ. ಇವತ್ತು ಒಂದೂರು, ಮುಂದೆ ಇನ್ನೊಂದೂರು. ಭಕ್ತರು ಕೊಟ್ಟ ಜೋಳದಲ್ಲಿ ಅಷ್ಟೂ ಮಂದಿ ಊಟ. ಹುಡುಗರ ಹೊಟ್ಟೆಗೆ ಸಾಲದಾದಾಗ ನಾಟಕ ಕಂಪನಿ ಸಹ ಕಟ್ಟಿದರು. ನಾಟಕ ಆಡಿ ಬಂದ ರೊಕ್ಕ ಊಟಕ್ಕೂ ಪಾಠಕ್ಕೂ. ನಾಟಕ ಅಂದ್ರ ಹಾಡು ಬೇಕು, ತಬಲಾ ಬೇಕು, ಪೆಟ್ಟಿಗೆ ಬೇಕು. ಹುಡುಗರು ಕಲೀತಾ ಕಲೀತಾನೇ ದುಡಿಯೋದನ್ನೂ ಕಲಿತರು. ನನಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಇದೇ ಸಂಗತಿ.

ಇನ್ನೊಂದು ಏನಂದರೆ ಅಲ್ಲಿ ಕುರುಡರು ಬೇರೆ, ಕಣ್ಣಿದ್ದವರು ಬೇರೆ ಅಂತ ಇರಲಿಲ್ಲ. ಧಾರವಾಡ ಕಡೆಯ ಯಲಿವಾಳದ ಬಸವರಾಜ ರಾಜಗುರು ಕಣ್ಣು ಕಾಣುವವರು, ಮುಂದೆ ದೇಶಕ್ಕೇ ಹೆಸರಾದ ಗಾಯಕರು. ಅವರೂ ಗವಾಯಿಗಳ ಶಿಷ್ಯರು. ನಮ್ಮ ಹಾವೇರಿ ಜಿಲ್ಲೆಯ ಪುಟ್ಟಯ್ಯನೂ ಶಿಷ್ಯ. 1914ರಲ್ಲಿ ಹುಟ್ಟಿದ ಪುಟ್ಟಯ್ಯನಿಗೆ ಕೂಸಿದ್ದಾಗಲೇ ಕಣ್ಣು ಹೋಗಿದ್ದವು. ಈ ಪುಟ್ಟಯ್ಯನೇ ಪುಟ್ಟರಾಜ ಗವಾಯಿಗಳು. ನಮ್ಮೆಲ್ಲರ ಮನೆಯಾಗ ಅವರ ಫೋಟೋ ಐತಿ.

ಕಡೆಗೆ ತಿರುಗುವ ಶಾಲೆ ಗದುಗಿನಲ್ಲಿ ನಿಂತಿತು. ಅಲ್ಲಿಯ ಬಸರಿಗಿಡದ ವೀರಪ್ಪನವರು ಆಸರೆ ಕೊಟ್ಟರು. ಅದೇ ವೀರೇಶ್ವರ ಪುಣ್ಯಾಶ್ರಮ. ಆದರೆ ಗವಾಯಿಗಳು ಅಲ್ಲಿ ಬಹಳ ದಿನ ಬಾಳಲಿಲ್ಲ. 1944ರ ಜೂನ್ 11ರಂದು ಲಿಂಗೈಕ್ಯರಾದರು. ಆಗ ಆಶ್ರಮದ ಭಾರ 30 ವರ್ಷದ ಪುಟ್ಟರಾಜ ಗವಾಯಿಗಳ ಮೇಲೆ ಬಿತ್ತು. ಅವರು 2010ರ ಸೆಪ್ಟೆಂಬರ್ 17ರವರೆಗೆ, 66 ವರ್ಷ, ಅದನ್ನು ಹೊತ್ತರು. ಅಲ್ಲಿ ಕಲಿತು ಸಂಗೀತ ಮಾಸ್ತರಾದವರು, ತಬಲಾ ಬಾರಿಸುವವರು, ಪುರಾಣಕ್ಕೆ ಹಾಡುವವರು ಎಲ್ಲಾ ಕಡೆ ಇದ್ದಾರೆ. ಹೋದ ವರ್ಷ ನಮ್ಮೂರ ಪುರಾಣಕ್ಕೆ ಬಂದಿದ್ದ ತಬಲಾದವರಿಗೂ ಕಣ್ಣಿರಲಿಲ್ಲ. ತಾವು ದುಡಿದ ರೊಕ್ಕದಿಂದ ತಂಗಿಯ ಮದುವೆ ಮಾಡಿದ್ದನ್ನು ಅವರು ನಮ್ಮ ಕಟ್ಟೆ ಮೇಲೆ ಕೂತು ಹೇಳಿದ್ದರು. 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಮೇಲೆ ಒಂದು ಸಿನಿಮಾ ಸಹ ಬಂದಿದೆ. ಅದರಲ್ಲಿ ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

ಇಷ್ಟು ಬರೆದು ಗೆಳೆಯನಿಗೆ ಓದಿ ಹೇಳಿದೆ. ಅವನಿಗೆ ಸಿಟ್ಟು ಬಂತು. ಊರಾಗ ಎಲ್ಲರೂ ಅವನಿಗೆ ಗದುಗಿಗೆ ಹೋಗು, ಹಾಡು ಕಲಿ ಅಂತಾರ. ಅವನಿಗೆ ಹಾಡಾಕ ಬರೂದಿಲ್ಲ, ದನಿ ಒಡಕ. ಪ್ರಾರ್ಥನೆಯಾಗ ಅವನ ಬಾಜೂಕ ನಿಂತವರಿಗೆ ಇದು ಗೊತ್ತು. ಅವನಿಗೆ ಬರೋದು ಲೆಕ್ಕ. ಬಾಯಿಲೆಕ್ಕದಾಗ ಏಳನೇತ್ತದಾಗ ಅವನೇ ಮೊದಲು. ಕಣ್ಣಿಲ್ಲದವರೆಲ್ಲಾ ಹಾಡಬೇಕೇನು ಅಂತ ಕೇಳಿದ. ನನಗೆ ಉತ್ತರ ಹೊಳೀಲಿಲ್ಲ. ರಾತ್ರಿ ಮಲಗಿದಾಗ ಹೊಳೀತು. ಕುಮಾರ ಸ್ವಾಮಿಗಳು ಗದಿಗೆಯ್ಯನಿಗೆ ಕಣ್ಣಿಲ್ಲ ಅಂತ ಸಂಗೀತಕ್ಕೆ ಹಚ್ಚಲಿಲ್ಲ, ದನಿ ಇತ್ತು ಅಂತ ಹಚ್ಚಿದರು. ಮರುದಿನ ಇದನ್ನು ಹೇಳಿದಾಗ ಅವನ ಸಿಟ್ಟು ಇಳೀತು.

ನನ್ನ ತಪ್ಪನ್ನೂ ಬರೀತೀನಿ. ಐದನೇತ್ತದಾಗ ಇವನ ಬಾಜೂಕ ಕೂತರೆ ದಿನಾ ಪಾಠ ಓದಿ ಹೇಳಬೇಕಾಗತೈತಿ ಅಂತ ನಾನು ಹಿಂದಿನ ಸಾಲಿಗೆ ಹೋಗಿ ಕೂತಿದ್ದೆ. ಅವನು ಒಂದು ತಿಂಗಳು ಒಬ್ಬನೇ ಕೂತಿದ್ದ. ಗುರುಗಳು ಬೈದು ಕೂಡಿಸಿದರು. ಈಗ ಓದಿ ಹೇಳಿ ಹೇಳಿ ನನಗೇ ಸಮಾಜ ಪಾಠ ಬಾಯಿಗೆ ಬಂದಾವ.

ಈಗ ಅವನ ಮನೆಯಲ್ಲಿ ಏಳನೇತ್ತಕ್ಕೆ ಬಿಡಿಸೋದು ಅಂತ ಮಾತು ನಡೆದಿದೆ. ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ, ರಸ್ತೆಯಾಗ ಲಾರಿ ಹಾಯತಾವ. ಅವನ ಅಜ್ಜಿ ಮೆಣಸಿನಕಾಯಿ ತುಂಬು ಬಿಡಿಸಾಕ ಹೋಗತಾಳ. ಇವನೂ ಸುಗ್ಗಿಯಾಗ ಅಜ್ಜಿ ಜೋಡಿ ಕೂತು ಬಿಡಸತಾನ, ನನಗಿಂತ ಜಲ್ದಿ. ಇದೇ ಕೆಲಸ ಸಾಕು, ಕಣ್ಣಿಲ್ಲದವನಿಗೆ ಓದಿಸಿ ಯಾರು ನೌಕರಿ ಕೊಡತಾರ ಅಂತ ಅಜ್ಜಿಯ ವಿಚಾರ. ಅಜ್ಜಿಯದೂ ತಪ್ಪಲ್ಲ, ಕಣ್ಣಿಲ್ಲದ ನೌಕರದಾರರನ್ನು ಆಕಿ ನೋಡೇ ಇಲ್ಲ. ಬಿ.ಆರ್.ಸಿ.ಯಿಂದ ಬರುವ ಸರ್ ನಮಗೆ ತಿಳಿಸಿದ್ದನ್ನು ಇಲ್ಲಿ ಬರೆಯುತ್ತೇನೆ. 2016ರ ಕಾಯಿದೆ ಪ್ರಕಾರ ಇಂಥ ಮಕ್ಕಳಿಗೆ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಪುಕ್ಕಟೆ ಕಲಿಯುವ ಹಕ್ಕಿದೆ. ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರೆ, ಹೆಚ್ಚಿನ ಸಮಯವನ್ನೂ ಕೊಡುತ್ತಾರೆ. ಸರಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ನೂರಕ್ಕೆ 4 ಜಾಗ ಮೀಸಲು, ಅದರಲ್ಲಿ 1 ಕಣ್ಣಿಲ್ಲದವರಿಗೆ ಮತ್ತು ಮಂದ ದೃಷ್ಟಿಯವರಿಗೆ. ಈಗ ಬರೆದದ್ದನ್ನು ಓದಿ ಹೇಳುವ ಕಂಪ್ಯೂಟರ್ ಸಹ ಇವೆ. ಕಾಯಿದೆ ಇದ್ದರೂ ನಾಲ್ಕು ಕಿಲೋಮೀಟರ್ ಅಂತೂ ನಡೀಲೇಬೇಕಲ್ಲ.

ಬರುವ ಸೋಮವಾರ ಅವನ ಅಪ್ಪನನ್ನು ಹೆಡ್ ಮಾಸ್ತರು ಶಾಲೆಗೆ ಕರೆಸಿದ್ದಾರೆ. ನಾನೂ ಅದೇ ಹೈಸ್ಕೂಲಿಗೆ ಹೋಗುವವನು. ಹೋಗುವಾಗ ಬರುವಾಗ ಜೋಡಿ ಇರತೀನಿ ಅಂತ ಹೆಡ್ ಮಾಸ್ತರಿಗೆ ಹೇಳೇನಿ. ನಮ್ಮವ್ವನೂ ಆತು ಅಂದಾಳ. ನಮ್ಮ ಓಣಿಯಿಂದ ಹೋಗುವವರು ಇನ್ನೂ ಮೂವರಿದ್ದೀರಿ, ನೀವೂ ಸೋಮವಾರದೊಳಗ ಹೆಡ್ ಮಾಸ್ತರಿಗೆ ಹೇಳಿರಿ.

ಗೋಡೆ ಪತ್ರಿಕೆ ಅವನಿಗೆ ಓದಾಕ ಬರೂದಿಲ್ಲ. ಅದಕ್ಕ ಶನಿವಾರ ಶಾಲೆ ಬಿಟ್ಟ ಮ್ಯಾಲೆ ಇದನ್ನೂ ಉಳಿದವರ ಲೇಖನಗಳನ್ನೂ ಗೋಡೆ ಮುಂದ ನಿಂತು ಜೋರಾಗಿ ಓದತೀನಿ. ಗಾಂಧೀಜಿ ಬಗ್ಗೆ ಬರೆದವರು ಅಕ್ಷರ ಸ್ವಲ್ಪ ದುಂಡಗೆ ಬರೀರಿ. ಗವಾಯಿಗಳು 1892ರಿಂದ 1944ರವರೆಗೆ ಎಷ್ಟು ವರ್ಷ ಬದುಕಿದ್ದರು ಅಂತ ನಾನು ಬೆರಳು ಎಣಿಸುವುದರೊಳಗ ಅವನು 52 ಅಂದ.