ದಾದಿಯಾದ ರಾಜಕುಮಾರಿ ಆಲಿಸ್

ದಾದಿಯ ವೃತ್ತಿಯು ಮನೆತನಸ್ಥರ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಹೇಳುವ ಹಿರಿಯರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅಂಥವರ ಅವಗಾಹನೆಗಾಗಿ ವಿಕ್ಟೋರಿಯಾ ಮಹಾರಾಣಿಯ ಮರಿಮಗಳೊಬ್ಬಳ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

1885ನೆಯ ಇಸವಿ ಫೆಬ್ರವರಿ 25ರಂದು ವಿಂಡ್ಸರ್ ಅರಮನೆಯಲ್ಲಿ, ಮಹಾರಾಣಿಯ ಸಮಕ್ಷಮದಲ್ಲಿಯೇ, ಬ್ಯಾಟನ್‌ಬರ್ಗ್ ವಂಶದ ಆಲಿಸಳು ಜನಿಸಿದಳು. ಮಗುವಿಗೆ ಮಾತು ಬರುವುದು ತಡವಾಗಲು ವೈದ್ಯರಿಗೆ ತೋರಿಸಿದರು, ಹುಟ್ಟುಗಿವುಡೆಂದು ತಿಳಿದುಬಂತು. ತಾಯಿಯು ಎದೆಗೆಡಲಿಲ್ಲ. ಆಕೆಯ ಪ್ರೋತ್ಸಾಹದಿಂದ ಬಾಲಿಕೆಯು ತುಟಿಗಳ ಚಲನವನ್ನು ನೋಡಿಯೇ ಮಾತನ್ನು ಗ್ರಹಿಸಲು ಕಲಿತಳು; ಇಂಗ್ಲಿಷು, ಜರ್ಮನ್ ಭಾಷೆಗಳನ್ನಾಡಬಲ್ಲವಳಾದಳು; ಗ್ರೀಸಿನ ರಾಜಪುತ್ರ ಆಂಡ್ರೂವಿನೊಡನೆ ವಿವಾಹವು ನಿಶ್ಚಯವಾದ ಮೇಲೆ ಗ್ರೀಕನ್ನೂ ಕಲಿತಳು. ಒಂದೇ ಭಾಷೆಯ ವ್ಯಾಕರಣಕ್ಕೆ ಬೇಸರಪಡುವ ನಮ್ಮ ಬಾಲಿಕೆಯರು ಇದನ್ನು ಗಮನಿಸಲಿ. 1903ರಲ್ಲಿ ವಿವಾಹವಾಯಿತು. ನಾಲ್ವರು ಹೆಣ್ಣುಮಕ್ಕಳೂ, 1921ರಲ್ಲಿ ಕಡೆಯವನಾಗಿ ಫಿಲಿಪನೂ ಹುಟ್ಟಿದರು.

1912ರಲ್ಲಿ ಬಾಲ್ಕನ್ ಯುದ್ಧವು ಆರಂಭವಾಗಲು, ಆಲಿಸಳು ಅರಮನೆಯಲ್ಲಿ ಕುಳಿತು ಪಟ್ಟಿಗಳನ್ನು ಹೊಲಿಸುವುದರಲ್ಲಿ ತೃಪ್ತಳಾಗದೆ ರಣಭೂಮಿಯ ಸಮೀಪಕ್ಕೆ ಹೊರಟಳು. ಆಸ್ಪತ್ರೆಗಳನ್ನು ಏರ್ಪಡಿಸಿದಳು, ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರಿಗೆ ನೆರವಾದಳು, ಗಾಯಾಳುಗಳನ್ನು ಉಪಚರಿಸಿದಳು. ನರಳುವವನ ದನಿಯು ಆಕೆಗೆ ಕೇಳಿಸದು. ಮುಖವನ್ನೇ ನೋಡಿ ನೋವನ್ನು ಅರಿಯಬೇಕು. ಈ ಸೇವೆಗಾಗಿ ಐದನೆಯ ಜಾರ್ಜ್ ದೊರೆಗಳು 1913ರಲ್ಲಿ ರಾಯಲ್ ರೆಡ್ ಕ್ರಾಸ್ ಪದಕವನ್ನಿತ್ತರು.

ಮುಂದಿನ ವರ್ಷಗಳು ಕಷ್ಟದವು. 1922ರಲ್ಲಿ ಕುಟುಂಬವು ಗ್ರೀಸಿನಿಂದ ಗಡೀಪಾರಾಗಿ ಪ್ಯಾರಿಸಿನ ಬಳಿ ನೆಲಸಿತು. 1930ರಲ್ಲಿ ಆಕೆಯ ಚಿತ್ತವು ಕೆಟ್ಟಿತೆಂದು ವೈದ್ಯರು ನಿರ್ಣಯಿಸಿ, ಬಲವಂತದಿಂದ ಸ್ವಿಟ್ಸರ್ಲೆಂಡಿನ ಚಿಕಿತ್ಸಾಲಯಕ್ಕೆ ಸೇರಿಸಿದರು. ಫಿಲಿಪನಿಗೆ ಆಗ ಒಂಬತ್ತು ತುಂಬಿರಲಿಲ್ಲ. ಹೆಣ್ಣುಮಕ್ಕಳ ನಾಲ್ಕು ವಿವಾಹಗಳೂ ತಾಯಿಯಿಲ್ಲದೆಯೇ ನಡೆದವು. 1932ರಲ್ಲಿ ಬಿಡುಗಡೆಯಾದರೂ ಕೆಲವು ವರ್ಷ ಆಕೆಯು ತನ್ನವರಿಂದ ದೂರವೇ ಉಳಿದಳು. 1937ರ ನವೆಂಬರಿನಲ್ಲಿ ಮಗಳು ಸಿಸಿಲಿಯು ಪತಿ ಪುತ್ರರೊಡನೆ ವಿಮಾನಾಪಘಾತದಲ್ಲಿ ಮಡಿದಳು. ಮನೆಯಲ್ಲಿ ಉಳಿದಿದ್ದ ಜೊಹಾನ ಎಂಬ ಹಸುಗೂಸು ಮಾತ್ರ ಬದುಕಿತು. ಅದೂ 1939ರಲ್ಲಿ ಮೆದುಳಿನ ಜ್ವರದಿಂದ ತೀರಿಹೋಯಿತು. ಪ್ರಜ್ಞೆತಪ್ಪಿದ ಮೊಮ್ಮಗಳ ಮಗ್ಗುಲಲ್ಲಿ ಅಜ್ಜಿಯು ಕುಳಿತಿದ್ದಳು. ಸಾವಿರ ಗಾಯಗಳನ್ನು ಕಂಡ ದಾದಿಗೂ ಅಲ್ಲಿ ಮಾಡಲು ಏನೂ ಇರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಳಿಯಂದಿರು ಜರ್ಮನ್ ಪಕ್ಷದಲ್ಲಿಯೂ ಮಗನು ಬ್ರಿಟಿಷ್ ನೌಕಾದಳದಲ್ಲಿಯೂ ಇದ್ದರು. ತಾಯಿಯ ಸಂಕಟವನ್ನು ಊಹಿಸುವುದು ಕಷ್ಟವಲ್ಲ. ರಾಜಮನೆತನದ ಬಹುಮಂದಿ ಗ್ರೀಸನ್ನು ಬಿಟ್ಟು ಹೋದರು. ಆಕೆಯು ಅಥೆನ್ಸ್ ನಗರದಲ್ಲಿಯೇ ನಿಂತು ಹಸಿದವರಿಗೆ ಗಂಜಿಕೇಂದ್ರಗಳನ್ನೂ ಅನಾಥ ಮಕ್ಕಳಿಗೆ ಆಶ್ರಯವನ್ನೂ ಏರ್ಪಡಿಸಿದಳು. 1943ರಲ್ಲಿ ಯೆಹೂದ್ಯರನ್ನು ಹಿಡಿದೊಯ್ಯತೊಡಗಲು, ಕೋಹೆನ್ ಕುಟುಂಬದ ವಿಧವೆಯನ್ನೂ ಆಕೆಯ ಮಕ್ಕಳನ್ನೂ ತನ್ನ ಮನೆಯಲ್ಲಿ ಅಡಗಿಸಿಟ್ಟಳು. ಜರ್ಮನ್ ಗುಪ್ತ ಪೊಲೀಸರು ಪ್ರಶ್ನಿಸಲು ಬಂದಾಗ, ಕಿವುಡುತನವನ್ನೇ ನೆಪಮಾಡಿಕೊಂಡು ಏನೂ ತಿಳಿಯದವಳಂತೆ ಕುಳಿತಳು. ಮೂರು ಭಾಷೆಗಳನ್ನು ತುಟಿಯ ಮೇಲೆ ಓದಬಲ್ಲವಳಿಗೆ ಅಂದು ಒಂದೂ ಬಾರದೆ ಹೋಯಿತು! ಕೋಹೆನರು ಅಥೆನ್ಸ್ ನಗರವು ಬಿಡುಗಡೆಯಾಗುವವರೆಗೆ ಉಳಿದರು. 1944ರ ಡಿಸೆಂಬರಿನಲ್ಲಿ ಬೀದಿಕಾಳಗವು ನಡೆದಾಗಲೂ ಆಕೆಯು ಮಕ್ಕಳಿಗೆ ಆಹಾರ ಹಂಚುತ್ತ ತಿರುಗಿದಳು; ಗುಂಡಿನ ಭಯವನ್ನು ಹೇಳಿದವರಿಗೆ, ಕೊಲ್ಲುವ ಗುಂಡಿನ ಸದ್ದು ಯಾರಿಗೂ ಕೇಳಿಸದು, ತಾನಂತೂ ಕಿವುಡಿ ಎಂದು ನಕ್ಕು ಹೇಳಿದಳಂತೆ.

1947ರಲ್ಲಿ ಫಿಲಿಪನು ಎಲಿಜಬೆತ್ ರಾಜಕುಮಾರಿಯನ್ನು ವರಿಸಿದಾಗ, ನಿಶ್ಚಿತಾರ್ಥದ ಉಂಗುರದ ವಜ್ರಗಳು ತಾಯಿಯ ಕಿರೀಟದಿಂದಲೇ ಬಂದವು. 1949ರಲ್ಲಿ ಆಕೆಯು ಮಾರ್ಥ ಮರಿಯರ ಹೆಸರಿನ ಸೋದರಿಯರ ಸಂಘವನ್ನು, ದಾದಿಯರನ್ನು ತರಬೇತುಗೊಳಿಸಲು, ಸ್ಥಾಪಿಸಿದಳು. ಸೇರುವವರು ಸಾಲದೆ ಅದು ನಿಂತುಹೋಯಿತು. 1953ರ ಪಟ್ಟಾಭಿಷೇಕಕ್ಕೂ ಬೂದುಬಣ್ಣದ ಸನ್ಯಾಸಿನಿಯ ಉಡುಪಿನಲ್ಲೇ ಬಂದಳು. ಆ ಉಡುಪಿನಲ್ಲಿಯೇ ಸಿಗರೇಟು ಸೇದುತ್ತಿದ್ದಳೆಂಬುದನ್ನೂ ನಾವು ಮರೆಮಾಚುವುದಿಲ್ಲ. 1960ರಲ್ಲಿ ರಾಜಕುಮಾರಿ ಅಮೃತ ಕೌರರ ಆಹ್ವಾನದ ಮೇಲೆ ನಮ್ಮ ದೇಶಕ್ಕೂ ಬಂದಿದ್ದಳು. ಅಸ್ವಸ್ಥಳಾಗಿ ಬೇಗನೆ ಮರಳಬೇಕಾಯಿತು.

1967ರಲ್ಲಿ ಗ್ರೀಸಿನಲ್ಲಿ ಸೈನ್ಯಾಧಿಕಾರಿಗಳು ಆಡಳಿತವನ್ನು ಕಸಿದುಕೊಳ್ಳಲು, ಮಗನೂ ಸೊಸೆಯೂ ಆಕೆಯನ್ನು ಬಕಿಂಗ್‌ಹ್ಯಾಮ್ ಅರಮನೆಗೆ ಕರೆಸಿಕೊಂಡರು. ಮಗನ ಬಾಲ್ಯವನ್ನು ಕಾಣದವಳಿಗೆ ಮೊಮ್ಮಕ್ಕಳ ಸಾಮೀಪ್ಯವು ಆ ಮುಪ್ಪಿನಲ್ಲಿ ದೊರೆಯಿತು. ಅವರು ಆಕೆಯನ್ನು ಗ್ರೀಕರಂತೆ ಯಾಯಾ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. 1969ರ ಡಿಸೆಂಬರ್ 5ರಂದು ಆಕೆಯು ನಿಧನಹೊಂದಿದಳು. ಇದ್ದುದನ್ನೆಲ್ಲ ಕೊಟ್ಟುಬಿಟ್ಟಿದ್ದಳು, ಉಳಿದವು ಮೂರು ನಿಲುವಂಗಿಗಳು ಮಾತ್ರ.

ಆಕೆಯ ಇಚ್ಛೆಯಂತೆ 1988ರಲ್ಲಿ ದೇಹವನ್ನು ಯೆರೂಸಲೇಮಿನ ಎಣ್ಣೆಮರಗಳ ಗುಡ್ಡಕ್ಕೆ ಒಯ್ದರು. ಕೋಹೆನರನ್ನು ಕಾಪಾಡಿದ್ದಕ್ಕಾಗಿ ಯೆಹೂದ್ಯರು ಸಲ್ಲಿಸಿದ ಗೌರವವನ್ನು ಸ್ವೀಕರಿಸಲು 1994ರಲ್ಲಿ ಫಿಲಿಪನೂ ಮಗಳು ಸೋಫಿಯೂ ಅದೇ ಊರಿಗೆ ಹೋದರು. ತಾಯಿಯು ಆ ಸಂಗತಿಯನ್ನು ತನ್ನ ಮಕ್ಕಳಿಗೂ ಹೇಳಿರಲಿಲ್ಲ.