ದೀನರ ನ್ಯಾಯಕ್ಕೆ ದಾರಿ ತೆರೆದ ದೇವರಾಜ ಅರಸರು

ದಿವಂಗತ ಡಿ. ದೇವರಾಜ ಅರಸರು 1915ರ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಪದವಿ ಪಡೆದು ಊರಿಗೆ ಮರಳಿ ಬೇಸಾಯ ಕೈಗೊಂಡ ಅವರಿಗೆ ಉಳುವವರ ಬವಣೆ ಅಪರಿಚಿತವಾಗಿರಲಿಲ್ಲ. 1972ರಲ್ಲಿ ಅವರು ಮುಖ್ಯಮಂತ್ರಿಗಳಾದರು.

ಅವರ ಕಾಲದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಉಳುವವನೇ ಒಡೆಯನೆಂದು ಕಾಯಿದೆ ಸಾರಿದರೂ, ಕೋರ್ಟಿನ ಖರ್ಚು ಭರಿಸಲಾರದ ಗೇಣಿದಾರನಿಗೆ ಆ ಹಕ್ಕು ಕೈಗೆಟುಕದು. ಆದುದರಿಂದ ಭೂ ನ್ಯಾಯಮಂಡಳಿಗಳು ಏರ್ಪಟ್ಟವು. ಉಪವಿಭಾಗಾಧಿಕಾರಿಗಳು ಅಧ್ಯಕ್ಷರು, ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಂದು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ, ಹರಿಹರಗಳ ಗೇಣಿದಾರನೂ ಏಳನೆಯ ನಮೂನೆಯ ಅರ್ಜಿ ಸಲ್ಲಿಸಿ, ತನ್ನ ಉಳುಮೆಯ ಸಂಗತಿಯನ್ನು ತಾನೇ ನಿವೇದಿಸಿಕೊಳ್ಳಬಹುದಾಯಿತು.

ಆದರೆ ಓದು ಬಾರದವನು ಪಹಣಿಯ ನಮೂದಿಗೆ ಎದುರಾಗಿ ವಾದಿಸುವುದು ಸುಲಭವಲ್ಲ. 1982ರ ಜೂನ್ 6ರಂದು ಅರಸರು ನಿಧನರಾದರು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಮಂಡಳಿಗಳಲ್ಲಿ ವಕೀಲರಿಗಿದ್ದ ನಿಷೇಧವನ್ನು ರದ್ದುಪಡಿಸಿತು. ಅದೇ ವರ್ಷದ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರಲ್ಲಿ ಜಾರಿಗೆ ಬಂದು, ಬಡವರಿಗೂ ಪರಿಶಿಷ್ಟರಿಗೂ ಮಹಿಳೆಯರಿಗೂ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕನ್ನಿತ್ತಿತು.

ವಕೀಲರ ಶುಲ್ಕವಿಲ್ಲದೆ ನ್ಯಾಯ ಕೇಳುವ ದಾರಿಯನ್ನು ಅರಸರು ತೆರೆದರು. ಆ ದಾರಿಯಲ್ಲಿ ದೀನರ ಕೈಹಿಡಿದು ನಡೆಸುವ ಹೊಣೆ ವಿದ್ಯಾವಂತರದು.